ಬಾಲ ಮೊದಲು

8 ಜನವರಿ 1936, ಬುಧವಾರ

ಏಳರ ದೋಣಿಯಲ್ಲಿ ಹೊಳೆಯಾಚೆಯ ಬೆಂಗ್ರೆಗೆ. ಬ್ಯಾಗಿನಲ್ಲಿ ಲೈಸಾಲ್ ಬಾಟ್ಲಿಯ ಬಿರಡೆ ಮತ್ತೆ ಸಡಿಲ. ಸೀರೆಗೆಲ್ಲ ಆಸ್ಪತ್ರೆ ವಾಸನೆ. ಮೀನುಬುಟ್ಟಿಯ ಹೆಂಗಸರೇ ಮೂಗು ಮುಚ್ಚಿಕೊಂಡರು. ಆಗಲಿ, ದಿನಾ ಅವರ ವಾಸನೆ ನಾನು ಸಹಿಸುವುದಿಲ್ಲವೇ.

ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಕಡಲಹಂದಿಗಳು, ಇಂಗ್ಲಿಷಿನ ಡಾಲ್ಫಿನ್ — ಐದು. ಬೋಜಣ್ಣ ನನಗಾಗಿ ಗಳ ಊರಿ ದೋಣಿ ತಡೆದ. ಇಪ್ಪತ್ತು ವರ್ಷದಿಂದ ಈ ಹೊಳೆ ದಾಟಿಸುವವ. ನಾನು ಎಣಿಸುವುದು ನೋಡಿ ನಗು.

"ಎಂತ ನರ್ಸಮ್ಮ, ಅವಕ್ಕೂ ಆಸ್ಪತ್ರೆ ಕಾರ್ಡ್ ಬರೀತೀರಾ?"

ಬರೆಯುತ್ತೇನೆ. ಬೆನ್ನಿನ ರೆಕ್ಕೆ ಒಂದೊಂದಕ್ಕೆ ಒಂದೊಂದು ತರ. ಹರಿದ ರೆಕ್ಕೆಯವಳು ಇವತ್ತೂ ಇದ್ದಳು. ನಿಧಾನ. ಬಸುರಿ ಎಂದು ಅನುಮಾನ. ಹೆರಿಗೆ ಮಾಡಿಸುವವಳ ಕಣ್ಣು… ಎಲ್ಲಿ ನೋಡಿದರೂ ಅದೇ.

ಬೋಜಣ್ಣನ ಮಗಳು ಮುದ್ದುವಿಗೆ ನಾಲ್ಕು ತಿಂಗಳು. ಚೊಚ್ಚಲು. ತಾಯಿ ಇಲ್ಲ. ಗಂಡ ಹಂಚು ತುಂಬಿದ ಹಾಯಿಹಡಗಿನಲ್ಲಿ ಬೊಂಬಾಯಿಗೆ ಹೋದವ. ಹೆರಿಗೆ ಅಪ್ಪನ ಮನೆಯಲ್ಲೇ, ನನ್ನ ಕೈಯಲ್ಲೇ ಎಂದು ಬೋಜಣ್ಣ ಈಗಲೇ ತೀರ್ಮಾನಿಸಿದ್ದಾನೆ. ನನ್ನನ್ನು ಕೇಳಲಿಲ್ಲ.

17 ಜನವರಿ

ಕಡಲಹಂದಿ ಮೀನಲ್ಲ ಎಂದು ಬೋಜಣ್ಣನಿಗೆ ಪಾಠ ಹೇಳಲು ಹೋದೆ.

"ಗೊತ್ತುಂಟು," ಎಂದ. ಹಿಂದೊಮ್ಮೆ ರಂಪಣಿ ಬಲೆಯಲ್ಲಿ ಒಂದು ಸತ್ತು ಬಂದಿತ್ತಂತೆ. ಮರಳಿಗೆ ಎಳೆದಾಗ ಹೊಟ್ಟೆಯಡಿಯ ಎರಡು ಸೀಳಿನಿಂದ ಹಾಲು. "ಹಾಲು ಕಂಡ ಮೇಲೆ ಕತ್ತಿ ಹಾಕ್ಲಿಕ್ಕೆ ಯಾರೂ ಒಪ್ಪಲಿಲ್ಲ. ಹೂತು ಬಂದೆವು."

ಪಾಠ ನನಗೇ ಆಯಿತು.

ನಾಡಿ ನೋಡುವ ವಾಚು ಹಿಡಿದು ಅವುಗಳ ಉಸಿರು ಲೆಕ್ಕ ಹಾಕಿದೆ. ನಿಮಿಷಕ್ಕೊಮ್ಮೆ, ಕೆಲವೊಮ್ಮೆ ಎರಡು ನಿಮಿಷ. ಮೂಗು ನೆತ್ತಿಯ ಮೇಲೆ. ಪುಸ್ ಎಂದು ಬಿಟ್ಟು, ಎಳೆದುಕೊಂಡು, ಮತ್ತೆ ಒಳಗೆ.

2 ಫೆಬ್ರವರಿ, ಆದಿತ್ಯವಾರ

ಕಂಕನಾಡಿ ಮಾರ್ಕೆಟಿಗೆ ಸುತ್ತು ಹಾಕಿ ಹೋದೆ. ನೇರ ದಾರಿಯಲ್ಲಿ ಹೇಮಾಕ್ಷಿಯ ಮನೆ.

ಬರೆದೇ ಬಿಡುತ್ತೇನೆ. ಯಾರು ಓದುವವರು.

ಕಳೆದ ಆಗಸ್ಟ್. ಹೇಮಾಕ್ಷಿಯ ಮಗು ತಲೆ ಮೇಲಾಗಿ ಕೂತಿತ್ತು. ಕಾಲು ಮೊದಲು ಬಂತು. ಹೊಕ್ಕುಳು ಕಾಣುವ ತನಕ ಮುಟ್ಟಬಾರದು — ಪರೀಕ್ಷೆಯಲ್ಲಿ ಇದನ್ನೇ ಬರೆದು ಮಾರ್ಕು ತೆಗೆದುಕೊಂಡವಳು ನಾನು. ಬಾಗಿಲ ಹೊರಗೆ ಎಲ್ಲರೂ ಎಳೆಯಿರಿ ಎಳೆಯಿರಿ ಎನ್ನುತ್ತಿದ್ದರು. ಹೆದರಿದೆ. ಎಳೆದೆ. ಎಳೆದರೆ ಮಗುವಿನ ಕೈಗಳು ತಲೆಯ ಪಕ್ಕಕ್ಕೆ ಹೋಗುತ್ತವೆ, ತಲೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಿತು. ಮಗು ಉಳಿಯಲಿಲ್ಲ.

ಹೊರಡುವಾಗ ಅವಳ ಅತ್ತೆ ತೆಂಗಿನಕಾಯಿ ಕೊಟ್ಟು, "ಎಷ್ಟು ಕಷ್ಟಪಟ್ರಿ ನೀವು," ಎಂದರು. ತೆಗೆದುಕೊಂಡು ಬಂದೆ. ಬೈದಿದ್ದರೆ ಇಷ್ಟು ಸುಡುತ್ತಿರಲಿಲ್ಲ. ಆ ಕಾಯಿ ಇನ್ನೂ ಅಟ್ಟದಲ್ಲಿದೆ. ಒಡೆಯಲು ಮನಸ್ಸಾಗಲಿಲ್ಲ.

11 ಮಾರ್ಚ್, ಬುಧವಾರ

ಇವತ್ತು ಕಂಡದ್ದನ್ನು ಕ್ರಮವಾಗಿ ಬರೆಯಬೇಕು.

ಬೆಂಗ್ರೆಯಿಂದ ವಾಪಸು, ಒಂಬತ್ತು ಗಂಟೆ. ದೋಣಿಯಲ್ಲಿ ಬೋಜಣ್ಣ, ನಾನು, ಮೀನು ಮಾರುವ ಇಬ್ಬರು. ಹೊಳೆ ಎಣ್ಣೆ ಸುರಿದ ಹಾಗೆ ಸುಮ್ಮನೆ. ಹರಿದ ರೆಕ್ಕೆಯವಳು ಹತ್ತು ಮಾರು ದೂರದಲ್ಲಿ. ಮಗ್ಗುಲಾದಳು. ಹೊಟ್ಟೆಯಡಿಯಿಂದ ಒಂದು ಬಾಲ ಹೊರಗೆ ಬಂದು ಒದ್ದಾಡುತ್ತಿತ್ತು.

"ತಾಟೆ," ಎಂದ ಬೋಜಣ್ಣ. "ತಾಟೆಮೀನು ಕಚ್ಚಿ ಹಿಡಿದದ್ದು ಮಾರಾಯ್ತಿ. ಬಿಡಿಸ್ತೇನೆ." ಗಳ ಎತ್ತಿಬಿಟ್ಟ. ಅವನ ತಪ್ಪಲ್ಲ. ಕಡಲಹಂದಿಯ ಮೈಗೆ ತಾಟೆ, ಅಂದರೆ ಶಾರ್ಕ್, ಬಾಯಿ ಹಾಕುವುದನ್ನು ಕಂಡವ. ಹಾಲು ಕೊಡುವ ಜೀವಕ್ಕೆ ಪೆಟ್ಟಾಗುವುದು ಅವನಿಂದ ನೋಡಲಾಗುವುದಿಲ್ಲ.

"ಗಳ ಕೆಳಗಿಡಿ ಬೋಜಣ್ಣ. ಹೆರಿಗೆ."

"ಬಾಲ ಮೊದಲಾ?"

ಬಾಲ ಮೊದಲು. ವಾಚು ನೋಡಿದೆ. ಮೂವತ್ತೆಂಟು ನಿಮಿಷ. ಅವಳು ಈಜುತ್ತಲೇ ಇದ್ದಳು. ಸ್ವಲ್ಪ ಬರುವುದು, ನಿಲ್ಲುವುದು, ಸ್ವಲ್ಪ ಬರುವುದು. ಇನ್ನೆರಡು ಪಕ್ಕದಲ್ಲೇ ಇದ್ದವು — ಒಂದು ಎಡಕ್ಕೆ, ಒಂದು ಬಲಕ್ಕೆ. ಮುಟ್ಟಲಿಲ್ಲ. ಕೊನೆಗೆ ಒಮ್ಮೆ ಜೋರಾಗಿ ಮೈ ತಿರುಗಿಸಿದಳು. ನೀರು ಕೆಂಪಾಯಿತು. ಮರಿ ಮೇಲೆ ಬಂತು. ಮಡಚಿಟ್ಟ ಬಟ್ಟೆಯ ಹಾಗೆ ಮೈಮೇಲೆ ಗೆರೆ. ತಾಯಿ ಅಡಿಯಿಂದ ಮೂತಿ ಕೊಟ್ಟು ಎತ್ತಿದಳು.

ಪುಸ್.

ನಾನು ಅತ್ತೆ. ಬೋಜಣ್ಣ ನೋಡಿಯೂ ನೋಡದವನ ಹಾಗೆ ಗಳ ಹಾಕಿದ.

13 ಮಾರ್ಚ್

ನಮ್ಮ ಆಸ್ಪತ್ರೆಯ ಡಾಕ್ಟರ್ ಐರಿನ್ ಅವರಿಗೆ ಹೇಳಿದೆ. ನಂಬುವುದಿಲ್ಲ ಅಂದುಕೊಂಡಿದ್ದೆ, ಕುರ್ಚಿ ಎಳೆದುಕೊಂಡು ಕೂತರು. ತಲೆ ಮೊದಲು ಬಂದು ತಡವಾದರೆ ಮರಿ ನೀರಲ್ಲೇ ಉಸಿರೆಳೆದೀತು, ಅದಕ್ಕೇ ಇರಬೇಕು, ಎಂದರು. ಅವರಿಗೂ ಖಚಿತವಿಲ್ಲ.

"ಅದಕ್ಕೆ ಎಳೆಯಲಿಕ್ಕೆ ಕೈ ಇಲ್ಲ, ಅದೇ ಒಳ್ಳೇದಾಯ್ತು," ಎಂದೆ.

"ಕೈ ಉಂಟು ವಾರಿಜಾ. ಎದೆಯ ಪಕ್ಕದ ಆ ರೆಕ್ಕೆಯೊಳಗೆ ಐದು ಬೆರಳಿನ ಮೂಳೆ ಉಂಟು. ನಮ್ಮ ಹಾಗೇ." ಪುಸ್ತಕ ತೆಗೆದು ಚಿತ್ರ ತೋರಿಸಿದರು.

ಹೌದು. ಐದು ಬೆರಳು, ಚೀಲದೊಳಗಿಟ್ಟು ಹೊಲಿದ ಹಾಗೆ. ಮನೆಗೆ ಬಂದು ನನ್ನ ಕೈ ತುಂಬ ಹೊತ್ತು ನೋಡಿಕೊಂಡೆ.

29 ಏಪ್ರಿಲ್, ಬುಧವಾರ

ಮುದ್ದುವಿನ ಹೊಟ್ಟೆ ನೋಡಿದೆ. ಮೇಲ್ಗಡೆ ಗಟ್ಟಿ, ಗುಂಡಗೆ — ತಲೆ. ಮಗುವಿನ ಎದೆಬಡಿತ ಹೊಕ್ಕುಳಿಗಿಂತ ಮೇಲೆ ಕೇಳಿತು. ಮತ್ತೆ ಮತ್ತೆ ನೋಡಿದೆ. ಅದೇ.

"ನಿಮ್ಮ ಕೈ ಎಂತ ತಣ್ಣಗಾದ್ದು ನರ್ಸಮ್ಮ?" ಎಂದಳು ಮುದ್ದು.

ಹೊಳೆ ನೀರು ಎಂದೆ. ಹೊಳೆ ನೀರು ಮುಟ್ಟಿಯೇ ಇರಲಿಲ್ಲ.

14 ಮೇ

ಮುದ್ದುವನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಹೊರಗಿನಿಂದಲೇ ಮೆಲ್ಲಗೆ ಒತ್ತಿ ಮಗುವನ್ನು ತಿರುಗಿಸಿದರು. ದೇವರು ದೊಡ್ಡವ.

19 ಮೇ

ಮಗು ಮತ್ತೆ ಮೊದಲಿನ ಹಾಗೇ ಕೂತಿದೆ. ಹಟಮಾರಿ. ಜೂನ್ ಹನ್ನೊಂದಕ್ಕೆ ದಿನ ತುಂಬುತ್ತದೆ, ವಾರ ಮೊದಲೇ ಪೇಟೆಗೆ ಬಂದು ಆಸ್ಪತ್ರೆಯಲ್ಲೇ ಇರಬೇಕು ಎಂದರು ಡಾಕ್ಟರ್. ಬೋಜಣ್ಣ ತಲೆಯಾಡಿಸಿದ. ನನಗೆ ಜೀವ ಬಂತು. ನನ್ನ ಕೈಯಿಂದ ತಪ್ಪಿತು ಎಂದು ಜೀವ ಬಂದದ್ದು — ನಾಚಿಕೆ, ಆದರೆ ನಿಜ.

24 ಮೇ, ಆದಿತ್ಯವಾರ

ಕಂಕನಾಡಿಯಲ್ಲಿ ನೇರ ದಾರಿಯಲ್ಲೇ ಹೋದೆ. ಹೇಮಾಕ್ಷಿ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೂರಲು ಮಣೆ ಕೊಟ್ಟಳು. ಕೂರಲಿಲ್ಲ.

"ಅವತ್ತು ನಾನು ಎಳೆದೆ, ಹೇಮಾಕ್ಷಿ. ಕಾಯಬೇಕಿತ್ತು."

ಅವಳು ಹುಣಸೆ ಬಿಡಿಸುತ್ತಲೇ ಇದ್ದಳು. ಬೀಜ ಒಂದು ಕಡೆ, ನಾರು ಒಂದು ಕಡೆ. ಬೆಂಗ್ರೆಯಲ್ಲಿ ಇನ್ನೊಬ್ಬಳದ್ದು ಹಾಗೇ ಇದೆ ಎಂದೂ ಹೇಳಿದೆ. ಯಾಕೆ ಹೇಳಿದೆನೋ.

ಕೈಯಲ್ಲಿದ್ದ ಹಣ್ಣು ಬಿಡಿಸಿ ಮುಗಿಸಿ, "ಅವಳಿಗೆ ಎಳೀಬೇಡಿ," ಎಂದಳು. ಅಷ್ಟೇ. ಹೋಗಿ ಎನ್ನಲಿಲ್ಲ, ಬನ್ನಿ ಎನ್ನಲಿಲ್ಲ. ಮಣೆಯನ್ನು ಒಳಗೆ ತೆಗೆದುಕೊಂಡು ಹೋದಳು.

2 ಜೂನ್, ಮಂಗಳವಾರ. ಸಂಜೆ 5

ಮಳೆ ಹಿಡಿಯಿತು. ನಾಳೆ ಮುದ್ದುವನ್ನು ಕರೆತರುವ ಎಂದು ಇವತ್ತೇ ಬೆಂಗ್ರೆಗೆ ಬಂದೆ. ದಾಟುವಾಗಲೇ ದೋಣಿಯೊಳಗೆ ನೀರು. ಕಡಲಹಂದಿ ಒಂದೂ ಇಲ್ಲ.

3 ಜೂನ್. ಬೆಂಗ್ರೆ. ಬೆಳಿಗ್ಗೆ 6.30

ನಸುಕಿಗೇ ನೋವು ಶುರು. ಎಂಟು ದಿನ ಮೊದಲೇ. ಬೋಜಣ್ಣ ದೋಣಿ ಇಳಿಸಲು ಹೋಗಿ ಅರ್ಧ ಗಂಟೆಯಲ್ಲಿ ತಿರುಗಿ ಬಂದ. "ಆಗುದಿಲ್ಲ ನರ್ಸಮ್ಮ. ನಾನೊಬ್ಬನೇ ಆದರೆ ಹೋಗ್ತಿದ್ದೆ." ಅವನು ಆಗುವುದಿಲ್ಲ ಎಂದರೆ ಆಗುವುದಿಲ್ಲ.

ನನ್ನ ಕೈಯೇ.

7.15

ನೀರು ಒಡೆಯಿತು. ಎದೆಬಡಿತ 140. ಮುದ್ದು ಗಟ್ಟಿ ಹುಡುಗಿ. ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಅವಳ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂರಿಸಿದೆ. ಹೆಗಲು ಕೊಡಿ, ಬೇರೆಲ್ಲೂ ಮುಟ್ಟಬೇಡಿ ಎಂದಿದ್ದೇನೆ.

7.50

ಕುಂಡೆ ಕಂಡಿತು. ಬಂತು, ಒಳಗೆ ಹೋಯಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದೆ ತಂದೆ. ಕೈಗೆ ಕೆಲಸ ಕೊಡಲೆಂದೇ ಈಗ ಬರೆಯುತ್ತಿದ್ದೇನೆ. ಪೆನ್ಸಿಲನ್ನೂ ಲೈಸಾಲಿನಲ್ಲಿ ಅದ್ದಿದ್ದೇನೆ. ಬೇಸಿನ್ ಪಕ್ಕದಲ್ಲೇ ಇದೆ. ಮತ್ತೆ ತೊಳೆಯುತ್ತೇನೆ.

8.05

ಸ್ವಲ್ಪ ಬರುವುದು, ನಿಲ್ಲುವುದು. ಹೆಣ್ಣು. ಮಗುವಿನ ಬೆನ್ನು ಮೇಲಕ್ಕಿದೆ, ಒಳ್ಳೆಯದು.

ಬಾಗಿಲ ಹೊರಗಿನಿಂದ ಬೋಜಣ್ಣ: "ಮಗಳು ಕೂಗ್ತಾಳಲ್ಲ, ಎಂತ ಸುಮ್ಮನೆ ಕೂತದ್ದು? ಹಿಡಿದು ಎಳೀರಿ ನರ್ಸಮ್ಮ."

"ಬಾಲ ಮೊದಲು, ಬೋಜಣ್ಣ," ಎಂದೆ.

ಮಳೆಯ ನಡುವೆ ಅವನ ದನಿ, ಮೆಲ್ಲಗೆ: "ಸರಿ. ಗಳ ಕೆಳಗಿಟ್ಟೆ."

8.12

ಕಾಲು ಎರಡೂ ತಾವಾಗಿ ಬಿದ್ದವು. ಮುಟ್ಟಲಿಲ್ಲ. ಹೇಮಾಕ್ಷಿ, ಮುಟ್ಟಲಿಲ್ಲ.

8.14

ಹೊಕ್ಕುಳು ಕಂಡಿತು. ಬಳ್ಳಿ ಮಿಡಿಯುತ್ತಿದೆ. ಇನ್ನು ನನ್ನ ಕೈಯ ಸರದಿ. ಪೆನ್ಸಿಲ್ ಕೆಳಗಿಟ್ಟೆ.