ಗಂಟಲು ಬಿದ್ದ ಡಂಗುರ

ಕೊಪ್ಪಳ, ೯ ಅಕ್ಟೋಬರ್ ೧೯೪೪, ಸಂಜೆ

ಕೇಳಿರಿ ಮಹಾಜನರೇ, ಕೂತವರೇ, ನಿಂತವರೇ, ಗೋಡೆ ಮೇಲಿನ ಹಲ್ಲಿಯವರೇ. ಡಂಗುರದ ಓಬಳೆಪ್ಪನಿಗೆ, ಅಂದರೆ ನನಗೆ, ಹೊಸ ಹುಕುಂ ಬಂದಿದೆ. ತುಟ್ಟಿ ಕಾಲ, ಬಾಡಿಗೆದಾರರನ್ನು ಹೊರಹಾಕಬಾರದು, ಅವರು ನೀರು ಸೇದುವ ಬಾವಿಯ ಹಗ್ಗ ಬಿಚ್ಚಬಾರದು ಎಂದು ಬೇಸಿಗೆಯಲ್ಲಿ ಸಾರಿದ್ದೆ. ಆ ತಡೆ ಮುಗಿಯಿತಂತೆ. ಅದನ್ನೂ ನಾನೇ ಸಾರಬೇಕು. ಸಾರದ ಓಣಿಗೆ ಹುಕುಂ ತಟ್ಟುವುದಿಲ್ಲ — ಊರ ಪದ್ಧತಿ.

ಪೇಟೆಯಲ್ಲಿ ಸಾರಿ ಮುಗಿಸಿ ನಮ್ಮ ಓಣಿಗೆ ಬಂದೆ. ನನ್ನ ಮನೆ ಪಕ್ಕದ ಬಾಡಿಗೆ ಕೋಣೆಯ ಕಾಸೀಮಬೀ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಮಗಳು, ಹಸಿ ಬಾಣಂತಿ. ಮಾಲಕ ಹುಚ್ಚೀರಪ್ಪನಿಗೆ ಶೇಂಗಾ ಚೀಲ ಒಟ್ಟಲು ಆ ಕೋಣೆ ಬೇಕು. ಕಟ್ಟೆ ಮೇಲೆ ಕಾದು ಕೂತಿದ್ದ.

ಬಾಯಿ ತೆರೆದೆ. ಬಯಲಾಟದ ರಂಗದ ಮೇಲೆ ರಾಕ್ಷಸರನ್ನು ನಡುಗಿಸಿದ ಗಂಟಲು... ಗಾಳಿಯಷ್ಟೇ ಹೊರಟಿತು.

“ಏನಾತೋ?” ಎಂದ ಹುಚ್ಚೀರಪ್ಪ.

ಕೈಸನ್ನೆ ಮಾಡಿದೆ — ಧ್ವನಿ ಬಿತ್ತು.

೧೧ ಅಕ್ಟೋಬರ್

ಹುಚ್ಚೀರಪ್ಪ ಹೆಂಡತಿ ಮಾರೆವ್ವನ ಕೈಯಲ್ಲಿ ಮೆಣಸಿನ ಕಷಾಯ ಕಳಿಸಿದ. ಕಿವಿಯಲ್ಲಿ ಹೊಗೆ ಬಂತು.

“ಪ್ಯಾಟ್ಯಾಗ ಗುಡುಗಿದ ಗಂಟಲಾ, ನಮ್ಮ ಓಣ್ಯಾಗ ಹೆಂಗ ಬಿತ್ತೋ ಅಣ್ಣಾ?”

“ದೃಷ್ಟಿ ಆಗೇತ್ರೀ ಅವ್ವಾರ,” ಪಿಸುಗುಟ್ಟಿದೆ.

ಪಕ್ಕದಲ್ಲಿ ಕೂಸು ಅತ್ತಿತು. ಮಾರೆವ್ವ ತಂಬಿಗೆ ಹಿಡಿದು ಹಾಗೇ ನಿಂತಳು. ಅಳು ನಿಂತ ಮೇಲೆ ಹೋದಳು.

೧೪ ಅಕ್ಟೋಬರ್

ಕಷಾಯ ಬರಲಿಲ್ಲ. ಮಾರೆವ್ವನ ತಂಬಿಗೆ ಕಾಸೀಮಬೀ ಮನೆಗೆ ಹೋಯಿತು. ಕಟ್ಟೆಯಿಂದ ಹುಚ್ಚೀರಪ್ಪ ಹೆಂಡತಿಯನ್ನು ಕೇಳಿದ, “ಔಷಧ ಕೊಟ್ಟ್ಯಾ?”

“ಕೊಟ್ಟೆ. ಯಾರಿಗೆ ಬೇಕಿತ್ತೋ ಅವರಿಗೆ.”

೧೮ ಅಕ್ಟೋಬರ್

ಕಚೇರಿ ಜವಾನ ಹೈದರಸಾಬ ಬಂದಿದ್ದ. ನಾಳೆ ನಮ್ಮ ಓಣಿಯಲ್ಲಿ ಸಾರದಿದ್ದರೆ ಡಂಗುರ ಬೇರೆಯವರ ಕೈಗಂತೆ.

ಸಂಜೆ ಹುಚ್ಚೀರಪ್ಪ ಬಂದು ಪಕ್ಕದಲ್ಲಿ ಕೂತ.

“ನಾಟಕ ಸಾಕ ಮಾಡು. ಮಾರೆವ್ವ ನನಗ ಊಟಕ್ಕ ನೀಡವಲ್ಲಳು. ಕೂಸು ತೆವಳೂತನಕ ಆ ಕ್ವಾಣಿ ಮುಟ್ಟಬಾರದಂತ.”

“ಮತ್ತ ಶೇಂಗಾ?” — ಪೂರ್ತಿ ಧ್ವನಿಯಲ್ಲಿ ಅಂದುಬಿಟ್ಟೆ. ಬೇವಿನ ಮರದ ಕಾಗೆಗಳು ಎದ್ದವು.

ಹುಚ್ಚೀರಪ್ಪ ನಕ್ಕು ಟವೆಲು ಕೊಡವಿದ. “ಪಡಸಾಲ್ಯಾಗ ಒಟ್ಟತೀನಿ. ನಾಳೆ ನಾ ಕುಕನೂರಿಗೆ ಹೊಂಟೀನಿ. ನೀ ಏನ ಸಾರಿದರೂ ನನ್ನ ಕಿವಿಗೆ ಬಿದ್ದಿಲ್ಲ. ತಿಳೀತಿಲ್ಲೋ?”

ತಿಳಿಯಿತು ಮಹಾಜನರೇ. ನಾಳೆ ಮುಂಜಾನೆ ಎದ್ದವನೇ ಊರ ಪಕ್ಕದ ಭಾಗ್ಯನಗರದಲ್ಲಿ ಗಂಟಲು ಹರಿಯುವಂತೆ ಸಾರುತ್ತೇನೆ. ತಿರುಗಿ ಬಂದು, ಕೂಸು ಹಾಲು ಕುಡಿದು ಮಲಗಿದ ಹೊತ್ತು ನೋಡಿ, ಡಂಗುರಕ್ಕೆ ಟವೆಲು ಸುತ್ತಿ, ಈ ಓಣಿಯಲ್ಲಿ ನನಗೇ ಕೇಳಿಸದಷ್ಟು ಮೆಲ್ಲಗೆ —