ಸುಗುಣಜ್ಜಿಯ ಮುಂಗೈ ಗೆಡ್ಡೆ

ಕೋಲಾರ, ಹೆಣ್ಣುಮಕ್ಕಳ ಹಾಸ್ಟೆಲ್
ತಾರೀಕು ೪, ಹದಿಮೂರನೇ ತಿಂಗಳು, ೨೧೯೪

ಸುಗುಣಜ್ಜಿಯವರಿಗೆ ಮಂದಾರಳ ನಮಸ್ಕಾರಗಳು.

ಮೊದಲೇ ಸಾರಿ ಕೇಳಿಬಿಡುತ್ತೇನೆ. ಹೀಗೆ ಬರೆಯಬಾರದೇನೋ. ನಿಮಗಿನ್ನೂ ಮೂವತ್ತೆರಡು ವರ್ಷ, ನಾನಾಗಲೇ ಅಜ್ಜಿ ಎನ್ನುತ್ತಿದ್ದೇನೆ. ನೀವು ನನ್ನ ಅಜ್ಜಿಯ ಮುತ್ತಜ್ಜಿ. ನನ್ನದು ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷ್. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂಚೀಲದಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ, ವಿದ್ಯಾರ್ಥಿಗಳಿಗೆ ವರ್ಷಕ್ಕೆ ಒಂದೇ ಹಾಳೆ.

ಇಲ್ಲಿ ಕರೆಂಟು ಬರುವುದು ಆಕಾಶದಲ್ಲಿ ತೇಲುವ ದೊಡ್ಡ ಗಾಳಿಪಟಗಳಿಂದ. ಅವುಗಳ ಹಗ್ಗ ಎಳೆದು ಕಟ್ಟುವುದು ನನ್ನ ಅಣ್ಣ ಪುನರ್ವಸುವಿನ ಕೆಲಸ. ಐದು ತಿಂಗಳ ಹಿಂದೆ ಹಗ್ಗ ಜಾರಿ ಅವನ ಬಲಗೈ ನರ ಕತ್ತರಿಸಿಹೋಯಿತು. ನರದ ಎಳೆಗಳಿಗೆ ಆಸರೆಯಾಗಿ ಸುತ್ತಿಕೊಂಡಿರುವ ಜೀವಕಣಗಳನ್ನು ನಾವು ಕಾವಲುಕಣ ಎನ್ನುತ್ತೇವೆ. ಎಳೆ ಸತ್ತರೂ ಅವು ಸಾಯುವುದಿಲ್ಲ. ಹಳೆಯ ಕೆಲಸ ಬಿಟ್ಟು, ಕಸ ಗುಡಿಸಿ, ಉದ್ದಕ್ಕೆ ಚಾಚಿಕೊಂಡು, ಸಾಲಾಗಿ ನಿಂತು ಹೊಸ ಎಳೆಗೆ ದಾರಿ ತೋರಿಸುತ್ತವೆ. ಆದರೆ ಎಷ್ಟು ದಿನವೆಂದು ಕಾದಾವು? ತಿಂಗಳು ಕಳೆದಂತೆ ಸೊರಗುತ್ತವೆ.

ಅಣ್ಣನ ಕಾಲಿನ ನರದಿಂದ ತೆಗೆದ ಕಾವಲುಕಣಗಳನ್ನು, ಕೈಯ ನರಕ್ಕೆ ಸೇರಿಸಲೆಂದು, ನಮ್ಮ ಲ್ಯಾಬಿನಲ್ಲಿ ಬೆಳೆಸುತ್ತಿದ್ದರು. ಮೊದಲ ವರ್ಷದವರದು ಡಿಶ್ ಡ್ಯೂಟಿ: ತಿಂಡಿಗೆ ಮೊದಲು, ಕಣ ಬೆಳೆಸುವ ಪ್ರತಿ ಗಾಜಿನ ಡಿಶ್ ನೋಡಿ ಕೆಟ್ಟದ್ದನ್ನು ಚೆಲ್ಲಬೇಕು. ಆಕಾರ ಬದಲಿಸಿ ಹೆಚ್ಚುತ್ತಿರುವ ಕಣ ಕಂಡರೆ ಅದು ಗೆಡ್ಡೆ, ಚೆಲ್ಲು ಎಂದೇ ನಮಗೆ ಚಿಕ್ಕಂದಿನಿಂದ ಕಲಿಸಿದ್ದು. ಅಣ್ಣನ ಕಣಗಳು ಉದ್ದವಾಗಿ ಸಾಲುಗಟ್ಟಿದ್ದವು. ಯಾರನ್ನೂ ಕೇಳದೆ ಚೆಲ್ಲಿಬಿಟ್ಟೆ.

“ಅಯ್ಯೋ ಮಂದಾರ, ಅವು ಕೆಟ್ಟಿರ್ಲಿಲ್ಲ ಕಣಮ್ಮ. ಕೆಲಸಕ್ಕೆ ನಿಂತಿದ್ವು,” ಎಂದರು ಲ್ಯಾಬಿನ ಮೇಡಂ. ಬೈಯಲೂ ಇಲ್ಲ. ಮತ್ತೆ ಬೆಳೆಸುವಷ್ಟರಲ್ಲಿ ಅಣ್ಣನ ಕೈಯಲ್ಲಿರುವ ಕಣಗಳು ಸೊರಗಿಹೋಗುತ್ತವಂತೆ.

ಅಣ್ಣ ನಕ್ಕ. “ಅಳ್ಬೇಡ ಕಣೇ ಕೋತಿ. ನಿನ್ನ ಜುಟ್ಟು ಹಿಡಿಯೋಕೆ ಎಡಗೈ ಸಾಕು.” ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದೆ ಗೋಡೆಯ ಕಡೆ ತಿರುಗಿ ಕೂತ.

ನಿಮ್ಮ ಮುಂಗೈಯ ಗೆಡ್ಡೆ ಅಪಾಯದ್ದಲ್ಲ ಎಂದು ನಿಮ್ಮ ಡಾಕ್ಟರು ಹೇಳಿರಬೇಕು. ಅದೂ ಕಾವಲುಕಣಗಳದೇ. ಪೆಟ್ಟೇ ಬೀಳದಿದ್ದರೂ ರಿಪೇರಿಗೆ ನಿಂತವು, ಸಾಕು ಎನ್ನುವವರಿಲ್ಲದೆ ಹಾಗೇ ಉಳಿದವು. ವರ್ಷಗಟ್ಟಲೆ ಸೊರಗದೆ ಅವು ಹೇಗೆ ಬದುಕುತ್ತವೆಂದು ತಿಳಿದರೆ, ಅಣ್ಣನ ಕೈಯಲ್ಲಿ ಇನ್ನೂ ಕಾಯುತ್ತಿರುವವನ್ನು ಉಳಿಸಿಕೊಳ್ಳಬಹುದಂತೆ. ನಮ್ಮಲ್ಲಿ ಅಂಥ ಗೆಡ್ಡೆ ಯಾರಿಗೂ ಇಲ್ಲ. ಮಗು ಹುಟ್ಟುವ ಮೊದಲೇ ಗೆಡ್ಡೆಯ ಬೀಜವನ್ನು ಅಳಿಸಿಬಿಡುತ್ತೇವೆ. ಕಲಿಯಲು ಒಂದನ್ನೂ ಉಳಿಸಿಕೊಳ್ಳಲಿಲ್ಲ.

ಬರುವ ಸೋಮವಾರ ನಿಮಗೆ ಆಪರೇಷನ್. ಗೆಡ್ಡೆ ತೆಗೆದರು ಎಂದು ದಾಖಲೆಯಲ್ಲಿದೆ. ಆಮೇಲೆ ಅದನ್ನು ಏನು ಮಾಡಿದರು ಎಂದಿಲ್ಲ. ಅದನ್ನು ಎಸೆಯದೆ, ನಮ್ಮ ಕಾಲದವರೆಗೆ ಉಳಿಯುವಂತೆ ಆಸ್ಪತ್ರೆಯ ಸಂಗ್ರಹದಲ್ಲಿಡಿ ಎಂದು ಡಾಕ್ಟರಿಗೆ ಹೇಳುತ್ತೀರಾ? ನೋವು ನಿಮ್ಮದು, ಕೇಳುವ ಹಕ್ಕು ನನಗಿಲ್ಲ.

ಈ ಹಾಳೆಯ ಬೆನ್ನಿಗೆ ಬರೆದರೆ ನನಗೆ ತಲುಪುತ್ತದೆ. ಆಗುವುದಿಲ್ಲ ಎಂದಾದರೂ ಸರಿ, ದಯವಿಟ್ಟು ಬೇಗ ಉತ್ತರ ಬರೆಯಿರಿ.