ಒಂಬತ್ತನೇ ದಿನಕ್ಕೆ ಬಿಚ್ಚಿದ ತಂಬಾಕು

ಅಣ್ಣನಿಗೆ, ಸಿಟ್ಟಿನಲ್ಲೇ ನಮಸ್ಕಾರ.

ನಾನು ಜ್ವರ ಬಂದು ಮಲಗಿದ್ದಾಗ ಒತ್ತುವ ಯಂತ್ರ ಬಿಚ್ಚಿಸಿಬಿಟ್ಟೆಯಲ್ಲ! ಪೈಪಿನ ತಂಬಾಕು ಅದರಡಿ ನಲವತ್ತು ದಿನ ಕೂತು, ಕಪ್ಪಾಗಿ, ಹದಕ್ಕೆ ಬರಬೇಕು. ನೀನು ಒಂಬತ್ತನೇ ದಿನಕ್ಕೇ ಹೊರತೆಗೆಸಿ, ಸಣ್ಣಗೆ ಕೊಯ್ಯಿಸಿ, ಹಸಿ ಘಾಟು ಮುಚ್ಚಲು ಸಕ್ಕರೆ ಪಾಕ ಸುರಿಸಿದೆ. ಕೇಳಿದರೆ, "ಹೊಗೆಯ ವಯಸ್ಸು ಯಾವನು ಕೇಳ್ತಾನೋ, ಪೆದ್ದ?" ಎಂದು ನಕ್ಕೆ.

ನಾಲಿಗೆ ಕೇಳುತ್ತದೆ ಅಣ್ಣಾ! ಮೊದಲ ದಮ್ಮಿಗೇ ಸುಟ್ಟುಕೊಂಡವನು ನಿನ್ನನ್ನು ಬಯ್ಯುವುದಿಲ್ಲ. ಡಬ್ಬಿಯ ಮೇಲಿರುವ ಅಪ್ಪನ ಮುಖ ನೋಡಿ ಬಯ್ಯುತ್ತಾನೆ. ಮೂವತ್ತೊಂಬತ್ತನೇ ದಿನ ಗಿರಾಕಿ ಕಾಲಿಗೆ ಬಿದ್ದರೂ ಯಂತ್ರದ ತಿರುಪು ಸಡಿಲಿಸದಿದ್ದ ಅಪ್ಪನನ್ನು!

ಅಂಗಡಿಗಳಿಗೆ ಹೋದ ಮಾಲು ವಾಪಸ್ ತರಿಸು ಎಂದರೆ ನೀನು ಕೇಳುವವನಲ್ಲ. ಡಬ್ಬಿಯಿಂದ ಅಪ್ಪನ ಚಿತ್ರವನ್ನಾದರೂ ತೆಗೆಸು. ಆ ಜಾಗದಲ್ಲಿ ನಿನ್ನದನ್ನೇ ಹಾಕಿಸಿಕೋ, ಧೈರ್ಯವಿದ್ದರೆ.

ಇಂತಿ,
ಆ ಅಪ್ಪನ ಕಿರಿಯ ಮಗ